ಚಾಸಿ ಮತ್ತು ಬಾಡಿ: ಆದಿಕಾಲದ ವೈಭವದ ಮೋಟಾರುಗಳಲ್ಲಿ ಜೋಡಣೆಯ ಪ್ರಶ್ನೆ

ಕ್ರಿ. ಶ. ೧೯೦೮ರಲ್ಲಿ ಪಶ್ಚಿಮ ಭಾರತದ ಮೋಟಾರ್ ಯೂನಿಯನ್ನಿನವರು ಮುಂಬಯಿ-ಕೊಲ್ಲಾಪುರಗಳ ನಡುವೆ ಮೋಟಾರುಗಳ ಪರೀಕ್ಷಾ ಪಂದ್ಯವೊಂದನ್ನು ಏರ್ಪಡಿಸಿದ್ದರು. ಒಟ್ಟು ದೂರ ಸುಮಾರು ೬೨೦ ಮೈಲಿ. ಸಹ್ಯಾದ್ರಿಯ ಘಟ್ಟಗಳನ್ನು ಹತ್ತಿ ಇಳಿಯುವುದೇ ಅದರ ಮುಖ್ಯ ಪರೀಕ್ಷೆ. ಇಂಗ್ಲೆಂಡಿನಿಂದ ಹಡಗೇರಿ ಬಂದ ರೋಲ್ಸ್-ರಾಯ್ಸ್ ಕಂಪನಿಯ ೪೦/೫೦ ಅಶ್ವಶಕ್ತಿಯ ಬಂಡಿಯೊಂದು ‘ಪರ್ಲ್ ಆಫ್ ದಿ ಈಸ್ಟ್’, ಎಂದರೆ ಪೂರ್ವದೇಶದ ಮುತ್ತು, ಎಂಬ ಹೆಸರಿನಿಂದ ಈ ಪಂದ್ಯದಲ್ಲಿ ಜಯಶಾಲಿಯಾಯಿತು. ಬಳಿಕ ಗ್ವಾಲಿಯರಿನ ಮಹಾರಾಜರು ಅದನ್ನು ಕೊಂಡರು. ಭಾರತದ ಸಂಸ್ಥಾನಿಕರ ಲಾಯಗಳಲ್ಲಿ ಆ ಕಂಪನಿಯ ಮೋಟಾರುಗಳಿಗೆ ದೊರೆತ ಮನ್ನಣೆಗೆ ಈ ವಿಜಯವೇ ಪೀಠಿಕೆಯಾಯಿತು.

ಈ ಪಂದ್ಯದ ಹಾದಿ ಪುಣೆಯ ನಾಗರಿಕರಿಗೆ ಹೊಸದಲ್ಲ. ಮುಂಬಯಿಯ ಗವರ್ನರನಾಗಿದ್ದ ಸರ್ ಜಾನ್ ಮಾಲ್ಕಮನು ೧೮೩೦ರಲ್ಲಿ ಬೋರಘಾಟದ ಬಂಡಿಹಾದಿಯನ್ನು ಸಂಚಾರಕ್ಕೆ ತೆರೆದ ಮೇಲೆ, ಸಮುದ್ರತೀರದಿಂದ ಪುಣೆಗೆ ಗಾಲಿಗಳ ಮೇಲೆ ಬರುವುದು ಸುಲಭವಾಯಿತು. ಪುಣೆಯಿಂದ ತೆಂಕಣಕ್ಕೆ ಕಾತ್ರಜ, ಖಂಬಾಟಕಿ ಘಟ್ಟಗಳನ್ನು ದಾಟಿ ಸಾತಾರೆ, ಕರಾಡಗಳ ಮೂಲಕ ಕೊಲ್ಲಾಪುರಕ್ಕೆ ಹೋಗುವ ಹೆದ್ದಾರಿಯೇ ಮುಂದೆ ನಿಪ್ಪಾಣಿ, ಬೆಳಗಾವಿ, ಧಾರವಾಡಗಳನ್ನು ಮುಟ್ಟಿ ಬೆಂಗಳೂರನ್ನು ಸೇರುತ್ತದೆ. ಕನ್ನಡಿಗರು ಪುಣೆಗೆ ಬಂದದ್ದೂ ಹೆಚ್ಚಾಗಿ ಇದೇ ದಾರಿಯಿಂದ. ಮಳೆಗಾಲದ ಕೆಸರು, ಬೇಸಗೆಯ ಧೂಳು, ಎತ್ತಿನ ಗಾಡಿಗಳ ಕಬ್ಬಿಣದ ಪಟ್ಟಿ ಕೊರೆದ ಗಾಲಿಜಾಡು, ಘಟ್ಟದ ತಿರುವುಗಳು ಇವೆಲ್ಲ ಆ ಕಾಲದ ಮೋಟಾರಿನ ಅಂಗಾಂಗಗಳನ್ನು ಪರೀಕ್ಷಿಸಲು ಸಾಕಾಗಿದ್ದುವು.

ಇಂತಹ ವಿಜಯಗಳ ಕೀರ್ತಿ ಸಾಮಾನ್ಯವಾಗಿ ಎಂಜಿನ್ನಿಗೂ ಅದನ್ನು ಮಾಡಿದವರಿಗೂ ಸಲ್ಲುತ್ತ ಬಂದಿದೆ. ಆದರೆ ಅಂದಿನ ವೈಭವದ ಮೋಟಾರು ಒಬ್ಬರ ಕೃತಿಯಾಗಿರಲಿಲ್ಲ; ಎರಡು ಬೇರೆ ಬೇರೆ ಕಸುಬುಗಳ, ಎರಡು ಬೇರೆ ಬೇರೆ ಕಾರ್ಯಾಗಾರಗಳ ಕೂಡುಕೃತಿಯಾಗಿತ್ತು. ಅದರ ಹೆಚ್ಚಿನ ತೊಂದರೆಗಳು ಹುಟ್ಟುತ್ತಿದ್ದುದು ಎಂಜಿನ್ನಿನಲ್ಲಲ್ಲ, ಈ ಎರಡೂ ಕೂಡುವ ಸಂದಿನಲ್ಲಿ. ಮೋಟಾರಿನ ಇತಿಹಾಸವನ್ನು ಬರೆದವರು ಲೆಕ್ಕಕ್ಕೆ ಕಡಿಮೆ ತೆಗೆದುಕೊಂಡಿರುವ ಈ ಸಂದಿನ ಕಥೆಯೇ ಪ್ರಸ್ತುತ ಲೇಖನದ ವಿಷಯ.

ಎರಡು ಮನೆಯ ಕೂಸು

ಎಂಜಿನ್ನು, ಗಿಯರುಪೆಟ್ಟಿಗೆ, ಅಚ್ಚುಗಳು, ಕಮಾನುಪಟ್ಟಿಗಳು, ಗಾಲಿಗಳು ಇವನ್ನೆಲ್ಲ ಹೊತ್ತ ಉಕ್ಕಿನ ಚೌಕಟ್ಟಿಗೆ ‘ಚಾಸಿ’ ಎಂದು ಹೆಸರು. ಅದರ ಮೇಲೆ ಜನರು ಕೂಡುವುದಕ್ಕಾಗಿ ಕಟ್ಟುವ ಗೂಡನ್ನು ಕಸುಬಿನವರು ‘ಬಾಡಿ’ ಎನ್ನುತ್ತಾರೆ. ಇಂದಿನ ಓದುಗರಿಗೆ ಆಶ್ಚರ್ಯವೆನಿಸಬಹುದಾದ ಸಂಗತಿಯೆಂದರೆ, ಜಗತ್ತಿನ ಅತ್ಯುತ್ತಮ ಮೋಟಾರುಗಳನ್ನು ಮಾಡುತ್ತಿದ್ದ ಕಂಪನಿಗಳು ಬಹುಕಾಲ ಚಾಸಿಯನ್ನು ಮಾತ್ರ ಮಾರುತ್ತಿದ್ದುವು. ರೋಲ್ಸ್-ರಾಯ್ಸಿನವರು ೧೯೦೬ರಲ್ಲಿ ತೋರಿಸಿ, ಮರುವರ್ಷದಿಂದ ‘ಸಿಲ್ವರ್ ಗೋಸ್ಟ್’ ಎಂಬ ಹೆಸರಿನಿಂದ ಪ್ರಸಿದ್ಧಿಗೆ ತಂದ ೪೦/೫೦ ಮಾದರಿಯೂ ಹೀಗೆಯೇ ಮಾರಾಟವಾಗುತ್ತಿತ್ತು. ಮುಂದಿನ ಅಚ್ಚಿಗೂ ಹಿಂದಿನ ಅಚ್ಚಿಗೂ ನಡುವಣ ಅಂತರ ೧೩೫½ ಅಂಗುಲ ಬೇಕೋ ೧೪೩½ ಅಂಗುಲ ಬೇಕೋ ಎಂಬುದನ್ನು ಗಿರಾಕಿ ಹೇಳಬೇಕು. ಕಂಪನಿಯವರು ಚಾಸಿಯನ್ನು ಸಿದ್ಧಪಡಿಸಿ, ಅದರ ಮೇಲೆ ಬರಿಯ ಆಸನವೊಂದನ್ನು ಬಿಗಿದು, ರಸ್ತೆಯಲ್ಲಿ ಓಡಿಸಿ ನೋಡಿ, ಗಿರಾಕಿ ಸೂಚಿಸಿದ ಬಾಡಿ ಕಟ್ಟುವವರಿಗೆ ಕಳುಹಿಸುವರು. ರೋಲ್ಸ್-ರಾಯ್ಸ್ ಹೆಸರಿನ ಮೋಟಾರೊಂದು ಕಂಪನಿಯದೇ ಆದ ಉಕ್ಕಿನ ಬಾಡಿಯೊಡನೆ ಹೊರಬಂದುದು ೧೯೪೯ರ ‘ಸಿಲ್ವರ್ ಡಾನ್’ ಮಾದರಿಯಲ್ಲಿ.

ಬಾಡಿ ಕಟ್ಟುವವರಾದರೋ ಕುದುರೆ ಸಾರೋಟುಗಳ ಪರಂಪರೆಯಿಂದ ಬಂದವರು. ಲಂಡನ್ನಿನ ಬಾರ್ಕರ್ ಮನೆತನದ ಕಾರ್ಖಾನೆ ೧೭೧೦ರಷ್ಟು ಹಳೆಯದು. ಹೂಪರ್ ಸಂಸ್ಥೆ ಹತ್ತೊಂಬತ್ತನೆಯ ಶತಮಾನದ ಆದಿಯದು. ಭಾರತದಲ್ಲಿಯೂ ಈ ಕಸುಬಿಗೆ ಹಿರಿತನವಿತ್ತು. ಮದರಾಸಿನ ಸಿಂಪ್ಸನ್ ಕಂಪನಿ ೧೮೪೦ರಿಂದ ಸಾರೋಟುಗಳನ್ನು ಕಟ್ಟುತ್ತಿದ್ದು, ಅಲ್ಲಿನ ಸ್ಯಾಮ್ಯುಅಲ್ ಜಾನ್ ಗ್ರೀನ್ ಎಂಬಾತನು ೧೯೦೩ರಲ್ಲಿ ಉಗಿಯಿಂದ ಚಲಿಸುವ ಬಂಡಿಯನ್ನೇ ತಯಾರಿಸಿದನು. ಕಲಕತ್ತೆಯ ಸ್ಟುವರ್ಟ್ ಕಂಪನಿಯೂ ಸಾರೋಟಿನಿಂದ ಮೋಟಾರಿಗೆ ಬಂದ ಮನೆಯೇ. ಹೀಗೆ, ಲೋಹದ ಯಂತ್ರವನ್ನು ಬಲ್ಲವರು ಚಾಸಿಯನ್ನೂ, ಮರ, ತೊಗಲು, ಬಣ್ಣಗಳನ್ನು ಬಲ್ಲವರು ಬಾಡಿಯನ್ನೂ ಮಾಡಿದರು. ಮೊದಲನೆಯವರು ಅಂಗುಲದ ಸಾವಿರದಲ್ಲೊಂದು ಭಾಗದ ಅಳತೆಯಲ್ಲಿ ಯೋಚಿಸುತ್ತಿದ್ದರು. ಎರಡನೆಯವರಿಗೆ ಕಣ್ಣಳತೆಯೂ ಕೈಯ ಅನುಭವವೂ ಪ್ರಮಾಣ.

ಇದರ ವ್ಯಾವಹಾರಿಕ ಫಲವೆಂದರೆ, ಗಿರಾಕಿಯ ಕೈಗೆ ಎರಡು ಬಿಲ್ಲುಗಳು ಬರುತ್ತಿದ್ದುವು. ಎರಡು ಬಿಲ್ಲುಗಳಿಗೆ ಎರಡು ಹೊಣೆ. ಚಾಸಿಯ ತಯಾರಕರ ಭರವಸೆ ಚಾಸಿಯ ಉಕ್ಕಿನ ತೊಲೆಯವರೆಗೆ. ಅಲ್ಲಿಂದ ಮೇಲಿನದೆಲ್ಲ ಬಾಡಿ ಕಟ್ಟಿದವರ ಪಾಲಿನದು. ಬಾಗಿಲು ಕಿರುಗುಟ್ಟಿದರೆ ಅದು ಬಡಿಗನ ತಪ್ಪೋ, ಬಳುಕಿದ ಚೌಕಟ್ಟಿನ ತಪ್ಪೋ ಎಂಬುದನ್ನು ನಿರ್ಣಯಿಸುವವರು ಯಾರು? ದೋಷವು ಗಡಿಯ ಮೇಲೆಯೇ ಹುಟ್ಟಿದಾಗ ಅದು ಯಾರ ಖಾತೆಗೂ ಸೇರುವುದಿಲ್ಲ.

ಬಳುಕುವ ಚೌಕಟ್ಟು, ಬಳುಕದ ಗೂಡು

ಆ ಕಾಲದ ಚಾಸಿಯೆಂದರೆ ಉದ್ದಕ್ಕೆ ಎರಡು ಉಕ್ಕಿನ ತೊಲೆಗಳು, ಅವನ್ನು ಹಿಡಿದಿಡುವ ಕೆಲವು ಅಡ್ಡಪಟ್ಟಿಗಳು. ಏಣಿಯಾಕಾರದ ಈ ಚೌಕಟ್ಟು ಭಾರವನ್ನು ಹೊರಬಲ್ಲುದೇ ಹೊರತು ತಿರುಚನ್ನು ತಡೆಯಲಾರದು. ಎಡಗಡೆಯ ಮುಂದಿನ ಗಾಲಿ ಕುಣಿಗೆ ಇಳಿದು ಬಲಗಡೆಯ ಹಿಂದಿನ ಗಾಲಿ ದಿಣ್ಣೆಯ ಮೇಲೆ ಏರಿದರೆ ಇಡೀ ಚೌಕಟ್ಟು ಒದ್ದೆಬಟ್ಟೆಯನ್ನು ಹಿಂಡಿದಂತೆ ತುಸು ತಿರುಚಿಕೊಳ್ಳುವುದು. ಯಂತ್ರಜ್ಞರು ಇದನ್ನು ದೋಷವೆಂದೇ ಎಣಿಸಿರಲಿಲ್ಲ. ಚೌಕಟ್ಟು ಅಷ್ಟು ಬಳುಕಿದರೆ ಕಮಾನುಪಟ್ಟಿಗಳ ಶ್ರಮ ಕಡಿಮೆಯಾಗುವುದೆಂಬ ಭಾವನೆಯೂ ಇತ್ತು. ಆದರೆ ಅದರ ಮೇಲೆ ಕುಳಿತ ಮರದ ಗೂಡು ಬಳುಕುವಂತಹದಲ್ಲ. ಚಾಸಿಯ ತಿರುಚೆಲ್ಲ ಬೋಲ್ಟುಗಳ ಮೂಲಕ ಏರಿ ಮರದ ಸಂದುಗಳನ್ನು ಸೇರುವುದು. ಮೊದಲು ಕಿರುಗುಟ್ಟುವ ಸದ್ದು. ಆಮೇಲೆ ಬಾಗಿಲುಗಳ ಅಂಚಿನಲ್ಲಿ ಬಿರುಕು. ಕೊನೆಗೆ ತಗಡು ಹರಿಯುವುದು, ಬಣ್ಣ ಸಿಡಿಯುವುದು.

ಬಾಗಿಲೇ ಇದರ ಮೊದಲ ಸಾಕ್ಷಿ. ಕಾರ್ಯಾಗಾರದ ಅಡ್ಡೆಗಳ ಮೇಲೆ ಬರಿದಾಗಿ ನಿಂತ ಚಾಸಿಯ ಆಕಾರವೇ ಬೇರೆ, ಐದಾರು ಜನರೂ ಅವರ ಸಾಮಾನೂ ಏರಿದ ಮೇಲಿನ ಆಕಾರವೇ ಬೇರೆ. ಬರಿಯ ಚಾಸಿಯ ಮೇಲೆ ಕೂದಲೆಳೆಯ ಸಂದು ಉಳಿಯುವಂತೆ ಕೂಡಿಸಿದ ಬಾಗಿಲು ಭಾರ ಬಿದ್ದೊಡನೆ ಕೆಳಗೆ ಜಗ್ಗಿ ಚೌಕಟ್ಟಿಗೆ ಉಜ್ಜುವುದು, ಇಲ್ಲವೆ ಘಟ್ಟದ ತಿರುವಿನಲ್ಲಿ ತಾನಾಗಿ ತೆರೆದುಕೊಳ್ಳುವುದು. ಆದ್ದರಿಂದ ನುರಿತ ಬಡಿಗರು ಗೂಡನ್ನು ಚಾಸಿಗೆ ಬೋಲ್ಟು ಹಾಕಿ ಬಿಗಿದು, ಅಗತ್ಯವಿದ್ದಲ್ಲಿ ತೆಳುವಾದ ಒತ್ತುಪಟ್ಟಿಗಳನ್ನು ತುರುಕಿ ಮಟ್ಟಮಾಡಿ, ಭಾರವನ್ನೂ ಹೇರಿದ ಮೇಲೆಯೇ ಬಾಗಿಲುಗಳಿಗೆ ಬಿಜಾಗರಿ ಹೊಡೆಯುತ್ತಿದ್ದರು. ಬಾಗಿಲಿನ ಅಂಚಿಗೆ ರಬ್ಬರಿನ ಗುಬಟುಗಳನ್ನೂ, ಕೆಳಗೆ ಇಳಿಯದಂತೆ ಹಿಡಿಯುವ ಲೋಹದ ನಾಲಗೆಗಳನ್ನೂ ಕೂಡಿಸುತ್ತಿದ್ದರು. ಬಾಡಿಗೂ ಚಾಸಿಗೂ ನಡುವೆ ತೊಗಲು, ರಬ್ಬರು ಅಥವಾ ಉಣ್ಣೆಯ ದಪ್ಪ ಒತ್ತುಬಟ್ಟೆಯನ್ನು ಇಡುವುದು ವಾಡಿಕೆ. ಇನ್ನು ಕೆಲವರು ಗೂಡನ್ನು ಮೂರೇ ಬಿಂದುಗಳಲ್ಲಿ ಚಾಸಿಗೆ ಕೂಡಿಸುತ್ತಿದ್ದರು. ಮುಕ್ಕಾಲುಮಣೆಯು ಅಂಕುಡೊಂಕಿನ ನೆಲದ ಮೇಲೂ ಅಲುಗದೆ ನಿಲ್ಲುವುದನ್ನು ಬಲ್ಲವರಿಗೆ ಈ ಉಪಾಯದ ಮರ್ಮ ತಿಳಿಯದಿರದು.

ಬಾನೆಟ್ಟಿನ ತೊಡಕು ಇನ್ನೊಂದು ಬಗೆಯದು. ಎಂಜಿನ್ನಿನ ಹಿಂದಿನ ಅಡ್ಡಹಲಗೆ, ಮುಂದಿನ ರೇಡಿಯೇಟರು ಇವೆರಡೂ ಚಾಸಿಗೆ ಸೇರಿದುವು. ಅಡ್ಡಹಲಗೆಯಿಂದ ಹಿಂದಕ್ಕೆ ಎಲ್ಲವೂ ಬಾಡಿಗೆ ಸೇರಿದ್ದು. ನಡುವಣ ಬಾನೆಟ್ಟು ಎರಡು ಮನೆಗಳ ನಡುವಣ ಪಡಸಾಲೆಯಂತೆ. ಎರಡೂ ಕಡೆಯ ಚಲನೆ ಅದಕ್ಕೆ ತಟ್ಟುವುದು. ಲೋಹಕ್ಕೆ ಲೋಹ ಉಜ್ಜಿ ಸದ್ದಾಗದಿರಲೆಂದು ಅಂಚುಗಳಲ್ಲಿ ನೂಲಿನ ಅಥವಾ ತೊಗಲಿನ ಪಟ್ಟಿಯನ್ನು ಹೆಣೆಯುತ್ತಿದ್ದರು. ಮಡ್‌ಗಾರ್ಡುಗಳ ತೋಳುಗಳು ಚಾಸಿಗೆ ಬಿಗಿದಿದ್ದು ಅಂಚು ಬಾಡಿಗೆ ತಾಗುತ್ತಿದ್ದುದರಿಂದ ಅವು ತೋಳಿನ ಬುಡದಲ್ಲಿಯೇ ಸೀಳುತ್ತಿದ್ದುವು. ಗಿಯರಿನ ಹಾಗೂ ಬ್ರೇಕಿನ ಸನ್ನೆಗಳು ಬಲಗಡೆಯಲ್ಲಿದ್ದುದರಿಂದ ಸಾರಥಿಯ ಪಕ್ಕದ ಬಾಗಿಲು ಅನೇಕ ವೇಳೆ ಹೆಸರಿಗೆ ಮಾತ್ರ ಉಳಿಯುತ್ತಿತ್ತು. ಬಾಡಿ ಕಟ್ಟುವವನು ತನ್ನ ಕಲ್ಪನೆಯನ್ನು ಹೀಗೆ ಹೆಜ್ಜೆಹೆಜ್ಜೆಗೂ ಚಾಸಿಯ ಸನ್ನೆ, ಕೊಳವೆ, ತೊಲೆಗಳಿಗೆ ಬಗ್ಗಿಸಬೇಕಾಗಿತ್ತು.

ಮರ, ಅಂಟು ಮತ್ತು ಹವೆ

ಇಂಗ್ಲೆಂಡಿನಲ್ಲಿ ಬಾಡಿಯ ಅಸ್ಥಿಪಂಜರವನ್ನು ಆಶ್ ಎಂಬ ಮರದಿಂದ ಮಾಡುತ್ತಿದ್ದರು. ಅದು ಗಟ್ಟಿ, ಬಾಗುವ ಗುಣವುಳ್ಳದ್ದು, ತಿರುಪುಮೊಳೆಯನ್ನು ಚೆನ್ನಾಗಿ ಕಚ್ಚುವಂತಹದು. ಆದರೆ ಲಂಡನ್ನಿನ ತೇವದ ಹವೆಯಲ್ಲಿ ಹದಗೊಂಡ ಆ ಮರ ದಖ್ಖಣದ ಏಪ್ರಿಲ್ ತಿಂಗಳ ಒಣಬಿಸಿಲಿಗೆ ಸಿಕ್ಕೊಡನೆ ಸೊರಗುವುದು, ಸಂದುಗಳು ಬಾಯಿಬಿಡುವುವು. ಜೂನಿನಲ್ಲಿ ಮಳೆ ಹಿಡಿದರೆ ಅದೇ ಮರ ಉಬ್ಬಿ, ಮೊನ್ನೆ ಸಡಿಲವಾಗಿದ್ದ ಬಾಗಿಲು ಇಂದು ತೆರೆಯಲಾರದು. ಸಂದುಗಳಿಗೆ ಬಳಸುತ್ತಿದ್ದ, ತೊಗಲು ಮೂಳೆಗಳನ್ನು ಕಾಯಿಸಿ ತೆಗೆದ ಸರೇಸು ಅಂಟು ಬಿಸಿಯೂ ತೇವವೂ ಕೂಡಿದಾಗ ಮೆತ್ತಗಾಗುವುದು. ಪುಣೆಯಂತಹ ಊರಿನಲ್ಲಿ ಒಂದೇ ವರ್ಷದೊಳಗೆ ಈ ಎರಡು ಅತಿರೇಕಗಳೂ ಬರುತ್ತವೆ. ಪುಣೆಯಿಂದ ಹೊರಟು ಬೋರಘಾಟವನ್ನು ಇಳಿದು ಕೊಂಕಣಕ್ಕೆ ಹೋದರೆ ಒಂದೇ ದಿನದಲ್ಲಿ ಎರಡು ಹವೆಗಳನ್ನು ಮರ ಸಹಿಸಬೇಕು.

ಚಾಸಿಯ ತಯಾರಕರೂ ಈ ತೊಂದರೆಯಿಂದ ಪಾರಾಗಿರಲಿಲ್ಲವೆಂಬುದು ಗಮನಾರ್ಹ. ಆ ಕಾಲದ ಮೋಟಾರುಗಳ ಗಾಲಿಗಳಲ್ಲಿ ಮರದ ಅರಗಳಿದ್ದುವು. ಬೇಸಗೆಯಲ್ಲಿ ಅವು ಒಣಗಿ ಸಡಿಲವಾದಾಗ, ಎತ್ತಿನ ಗಾಡಿಯ ಗಾಲಿಗೆ ರೈತನು ಮಾಡುವಂತೆಯೇ, ನೀರು ಹಾಕಿ ಅವನ್ನು ಬಿಗಿಗೊಳಿಸುತ್ತಿದ್ದರು. ಸಾವಿರಾರು ರೂಪಾಯಿಗಳ ವಿಲಾಯತಿ ಯಂತ್ರಕ್ಕೂ ಬಳಿಯಲ್ಲಿ ನಿಂತ ಬಂಡಿಗೂ ಒಂದೇ ಔಷಧಿ! ತಂತಿಯ ಅರಗಳೂ ಬಳಿಕ ಉಕ್ಕಿನ ತಟ್ಟೆಗಳೂ ಬಳಕೆಗೆ ಬಂದ ಮೇಲೆ ಈ ಬಾಧೆ ತಪ್ಪಿತು.

ಭಾರತದಲ್ಲಿ ಬಾಡಿ ಕಟ್ಟುವವರು ಇದಕ್ಕೆ ಕಂಡುಕೊಂಡ ಪರಿಹಾರ ತೇಗದ ಮರ. ಚೆನ್ನಾಗಿ ಹದಮಾಡಿದ ತೇಗ ಬಿಸಿಲು ಮಳೆಗಳಿಗೆ ಅಷ್ಟಾಗಿ ಕುಗ್ಗುವುದೂ ಇಲ್ಲ, ಹಿಗ್ಗುವುದೂ ಇಲ್ಲ. ಅದರೊಳಗಿನ ಎಣ್ಣೆಯಿಂದಾಗಿ ಗೆದ್ದಲು ಸುಲಭವಾಗಿ ಹತ್ತದು; ಓಕ್ ಮರದಂತೆ ಅದು ತನ್ನಲ್ಲಿ ನೆಟ್ಟ ಕಬ್ಬಿಣವನ್ನು ತಿನ್ನುವುದೂ ಇಲ್ಲ. ಹಡಗು ಕಟ್ಟುವವರು ಶತಮಾನಗಳಿಂದ ಬಲ್ಲ ಗುಣಗಳಿವು. ದಾಂಡೇಲಿ, ಹಳಿಯಾಳಗಳ ತೇಗದ ಕಾಡುಗಳಿರುವ ಉತ್ತರ ಕನ್ನಡ ಜಿಲ್ಲೆ ೧೮೬೨ರಿಂದ ಮುಂಬಯಿ ಪ್ರಾಂತಕ್ಕೆ ಸೇರಿತ್ತೆಂಬುದನ್ನು ಇಲ್ಲಿ ನೆನೆಯಬಹುದು. ತೇಗದಲ್ಲಿಯೂ ಒಂದು ಕೊರತೆಯುಂಟು: ಅದು ಆಶ್ ಮರದಷ್ಟು ಬಾಗದು, ಆ ಎಣ್ಣೆಯಿಂದಲೇ ಅಂಟೂ ಸರಿಯಾಗಿ ಹಿಡಿಯದು. ಆದ್ದರಿಂದ ಇಲ್ಲಿನ ಕುಶಲಕರ್ಮಿಗಳು ಅಂಟನ್ನು ನಂಬದೆ ಸಂದುಗಳಿಗೆ ಲೋಹದ ಮೂಲೆಕಟ್ಟುಗಳನ್ನೂ ಬೋಲ್ಟುಗಳನ್ನೂ ಹೊಂದಿಸಬೇಕಾಯಿತು. ಬಾಡಿಯ ಭಾರ ಹೆಚ್ಚಿತು, ಆಯುಷ್ಯವೂ ಹೆಚ್ಚಿತು.

ಮರದ ಮೇಲೆ ಹೊದಿಸುವ ತಗಡಿನ ಕೆಲಸವೂ ಕೈಯದೇ. ಅಲ್ಯುಮಿನಿಯಮ್ ಹಗುರ, ಸುತ್ತಿಗೆಗೆ ಬಗ್ಗುವಂತಹದು. ಆದರೆ ಉಕ್ಕಿಗೆ ತಾಗಿ ತೇವ ಸಿಕ್ಕರೆ ಸಂದಿನಲ್ಲಿಯೇ ಸವೆಯುತ್ತದೆ. ಸಮುದ್ರದ ಉಪ್ಪುಗಾಳಿಯ ಮುಂಬಯಿಯಲ್ಲಿ ಈ ಸವೆತ ಇನ್ನೂ ಬೇಗ. ಪುಣೆಯ ಕಸಬಾ ಪೇಟೆಯ ತಾಂಬಟ ಆಳಿಯಲ್ಲಿ ತಾಮ್ರದ ಹಂಡೆಗಳಿಗೆ ಸುತ್ತಿಗೆಯ ಏಟಿನಿಂದ ಮೈತಂದು ಹೊಳಪು ಕೊಡುವ ಕೆಲಸವನ್ನು ನೋಡಿದವರಿಗೆ, ಮಟ್ಟಸವಾದ ತಗಡಿಗೆ ಗುಂಡಗಿನ ರೂಪ ಕೊಡುವುದು ಎಂತಹ ವಿದ್ಯೆಯೆಂದು ಬೇರೆ ಹೇಳಬೇಕಾಗಿಲ್ಲ.

ಬಣ್ಣದ ಸಾಹಸ

ಇಷ್ಟಾದ ಮೇಲೆ ಬಣ್ಣಗಾರನ ಸರದಿ. ಸಾರೋಟಿನ ಸಂಪ್ರದಾಯದ ಬಣ್ಣವೆಂದರೆ ಅಗಸೆ ಎಣ್ಣೆಯಲ್ಲಿ ಕಲಸಿದ ಸಫೇದದ ತಳಲೇಪ, ಅದರ ಮೇಲೆ ತಗ್ಗುಗಳನ್ನು ತುಂಬುವ ಲೇಪಗಳು, ಪ್ಯೂಮಿಸ್ ಕಲ್ಲು ಮತ್ತು ನೀರಿನಿಂದ ಮತ್ತೆ ಮತ್ತೆ ಉಜ್ಜಿ ನಯಗೊಳಿಸುವುದು, ಆಮೇಲೆ ಬಣ್ಣದ ಹಲವು ಪೂಟುಗಳು, ಕೊನೆಗೆ ವಾರ್ನಿಷಿನ ಹಲವು ಪೂಟುಗಳು. ಒಂದೊಂದು ಪೂಟೂ ಪೂರ್ಣವಾಗಿ ಒಣಗಿದ ಹೊರತು ಇನ್ನೊಂದನ್ನು ಹಚ್ಚುವಂತಿಲ್ಲ. ಇಡೀ ಕೆಲಸಕ್ಕೆ ವಾರಗಟ್ಟಲೆ ಕಾಲ ಹಿಡಿಯುತ್ತಿತ್ತು. ಮಳೆಗಾಲದಲ್ಲಿ ವಾರ್ನಿಷು ಒಣಗದೆ ಮಂಕಾಗುವುದು. ಬೇಸಗೆಯಲ್ಲಿ ಮೇಲ್ಮೈ ಬೇಗ ಬಿಗಿದು ಒಳಪೂಟು ಹಸಿಯಾಗಿಯೇ ಉಳಿದು ಬಿರಿಯುವುದು. ಗಾಳಿಯಲ್ಲಿ ಹಾರಿದ ಧೂಳಿನ ಒಂದು ಕಣ ಕೂತರೂ ಆ ಪೂಟನ್ನು ಮತ್ತೆ ಉಜ್ಜಿ ತೆಗೆಯಬೇಕು. ನೆಲಕ್ಕೆ ನೀರು ಚಿಮುಕಿಸಿ, ಬಾಗಿಲು ಕಿಟಕಿಗಳನ್ನು ಮುಚ್ಚಿ, ಉಸಿರು ಹಿಡಿದಂತೆ ನಡೆಯುವ ಕೆಲಸವದು.

ಇಲ್ಲಿಯೂ ತೊಡಕು ಚಾಸಿಯಿಂದಲೇ ಬರುತ್ತಿತ್ತು. ಬಣ್ಣಗಾರನ ಕೆಲಸ ಎಷ್ಟೇ ಉತ್ತಮವಾಗಿರಲಿ, ಚೌಕಟ್ಟು ಬಳುಕಿ ಸಂದು ಅಲುಗಿದರೆ ಆ ಸಂದಿನ ಮೇಲಣ ವಾರ್ನಿಷು ಮೊದಲ ಪ್ರವಾಸದಲ್ಲಿಯೇ ಕೂದಲೆಳೆಯಷ್ಟು ಸೀಳುವುದು. ಗಿರಾಕಿಯ ಕಣ್ಣಿಗೆ ಕಾಣುವುದು ಬಣ್ಣದ ಬಿರುಕು. ದೂರು ಹೋಗುವುದು ಬಣ್ಣಗಾರನ ಮೇಲೆ. ಕಾರಣವಾದ ತೊಲೆ ಮಾತ್ರ ಬಾಡಿಯ ಅಡಿಯಲ್ಲಿ ಯಾರಿಗೂ ಕಾಣದಂತೆ ಸುರಕ್ಷಿತವಾಗಿರುವುದು. ೧೯೨೩-೨೪ರ ಸುಮಾರಿಗೆ ಅಮೆರಿಕೆಯ ಡ್ಯುಪಾಂಟ್ ಕಂಪನಿಯ ‘ಡ್ಯೂಕೊ’ ಎಂಬ ಸೆಲ್ಯುಲೋಸ್ ಬಣ್ಣ ಬಳಕೆಗೆ ಬಂದ ಮೇಲೆ ವಾರಗಳ ಕೆಲಸ ದಿನಗಳಿಗೆ ಇಳಿಯಿತು. ಆದರೆ ಆ ಬಣ್ಣದ ತೆಳುಮೈ ಅಡಿಯ ತಗಡಿನ ಸಣ್ಣ ಕೊರತೆಯನ್ನೂ ಮುಚ್ಚದೆ ಎತ್ತಿ ತೋರಿಸುತ್ತಿದ್ದುದರಿಂದ ತಗಡಿನ ಕೆಲಸದವನ ಹೊಣೆ ಇಮ್ಮಡಿಯಾಯಿತು.

ಅರಸರ ಅಪೇಕ್ಷೆಗಳು

ಭಾರತದ ಸಂಸ್ಥಾನಿಕರ ಬೇಡಿಕೆಗಳು ಈ ಕಷ್ಟಗಳನ್ನು ಮತ್ತಷ್ಟು ಬೆಳೆಸಿದುವು. ಮೈಸೂರಿನ ನಾಲ್ವಡಿ ಕೃಷ್ಣರಾಜ ಒಡೆಯರವರ ಅರಮನೆ ಆ ಕಂಪನಿಯ ದೊಡ್ಡ ಗಿರಾಕಿಗಳಲ್ಲೊಂದು. ಒಂದೇ ಬಾರಿಗೆ ಏಳು ಮೋಟಾರುಗಳನ್ನು ತರಿಸುವುದಕ್ಕೆ ಕಂಪನಿಯವರಲ್ಲಿ ‘ಮೈಸೂರು ಮಾಡುವುದು’ ಎಂಬ ನುಡಿಗಟ್ಟೇ ಬೆಳೆದಿತ್ತೆಂದು ಹೇಳಿಕೆಯಿದೆ. ಅರಮನೆಯ ಮೋಟಾರಿಗೆ ಗೋಷಾ ಪದ್ಧತಿಗೆ ತಕ್ಕ ಪರದೆಗಳೂ ಕಪ್ಪುಗಾಜುಗಳೂ ಬೇಕು; ಬೇಟೆಯ ಮೋಟಾರಿಗೆ ಬಂದೂಕಿನ ಚೌಕಟ್ಟು, ದೊಡ್ಡ ದೀಪಗಳು ಬೇಕು; ಮೆರವಣಿಗೆಯ ಮೋಟಾರಿನಲ್ಲಿ ಪ್ರಭುಗಳು ಪ್ರಜೆಗಳಿಗೆ ಕಾಣುವಷ್ಟು ಎತ್ತರವಾಗಿ ಕುಳಿತಿರಬೇಕು. ಗಂಟೆಗೆ ಐವತ್ತು ಅರವತ್ತು ಮೈಲಿ ಓಡಬಲ್ಲ ಯಂತ್ರವನ್ನು ಆನೆಯ ನಡಿಗೆಯಲ್ಲಿ ನಡೆಸುವ ಸಂದರ್ಭಗಳೇ ಹೆಚ್ಚು.

ಇದಕ್ಕೆ ಅತ್ಯಂತ ಪ್ರಸಿದ್ಧವಾದ ನಿದರ್ಶನ ಹೈದರಾಬಾದಿನ ನಿಜಾಮರ ಸಿಂಹಾಸನದ ಮೋಟಾರು. ಬೀದರ, ಕಲಬುರ್ಗಿ, ರಾಯಚೂರುಗಳೂ ಅಂದು ಆ ಸಂಸ್ಥಾನಕ್ಕೆ ಸೇರಿದ್ದುವು. ಆರನೆಯ ನಿಜಾಮ ಮಹಬೂಬ್ ಅಲಿ ಖಾನರ ಕಾಲದಲ್ಲಿ ಬೇಡಿಕೆ ಹೋದ ಈ ಸಿಲ್ವರ್ ಗೋಸ್ಟ್ ಚಾಸಿಯ ಮೇಲೆ ಬಾರ್ಕರ್ ಸಂಸ್ಥೆಯವರು ಗುಮ್ಮಟದಂತೆ ಎತ್ತರಿಸಿದ ಮೇಲ್ಛಾವಣಿಯನ್ನೂ ಒಳಗೆ ಎತ್ತರದ ರಾಜಾಸನವನ್ನೂ ಕಟ್ಟಿ ಹಳದಿ ಬಣ್ಣ ಬಳಿದರು. ೧೯೧೧ರಲ್ಲಿ ನಿಜಾಮರು ತೀರಿಕೊಂಡರು. ಮೋಟಾರು ಬಂದು ಸೇರಿದುದು ಅವರ ಮಗನ ಆಳ್ವಿಕೆಯಲ್ಲಿ. ೧೯೪೭ರವರೆಗೆ ಅದು ಓಡಿದ ಒಟ್ಟು ದೂರ ೩೫೬ ಮೈಲಿ ಮಾತ್ರ. ಮುಂಬಯಿಯಿಂದ ಕೊಲ್ಲಾಪುರಕ್ಕೆ ಹೋಗಿ ಬಂದು ಗೆದ್ದ ‘ಪೂರ್ವದೇಶದ ಮುತ್ತು’ ಒಂದೇ ಪಂದ್ಯದಲ್ಲಿ ಅದಕ್ಕಿಂತ ಹೆಚ್ಚು ಓಡಿತ್ತು. ಚೌಮಹಲ್ಲಾ ಅರಮನೆಯಲ್ಲಿ ಈಗ ಪ್ರದರ್ಶಿತವಾಗಿರುವ ಆ ಬಂಡಿಯನ್ನು ನೋಡುವವರು ಒಂದು ಮಾತನ್ನು ನೆನೆಯಬೇಕು: ಅಷ್ಟು ಎತ್ತರದ ಭಾರ ಏಣಿಯಂತಹ ಚೌಕಟ್ಟಿನ ಮೇಲೆ ಓಲಾಡದೆ, ಸಂದು ಬಿಡದೆ ಉಳಿಯುವಂತೆ ಮಾಡಿದವರು ಬಡಿಗರು ಮತ್ತು ಕಂಬಾರರು. ಪಂದ್ಯದ ಹಾದಿಯ ಕೊನೆಯ ಊರಾದ ಕೊಲ್ಲಾಪುರದ ದಸರೆಯ ಮೆರವಣಿಗೆಯಲ್ಲಿ ಅರಮನೆಯ ಹಳೆಯ ಮೇಬ್ಯಾಕ್ ಮೋಟಾರು ಹೊರಬರುವುದುಂಟು. ಆ ಜರ್ಮನ್ ಕಂಪನಿಯೂ ಎರಡನೆಯ ಮಹಾಯುದ್ಧಕ್ಕೆ ಮುಂಚೆ ಮಾರುತ್ತಿದ್ದುದು ಚಾಸಿಯನ್ನೇ.

ಸಂದನ್ನು ಗೆಲ್ಲುವ ಯತ್ನಗಳು

ಮೊದಲನೆಯ ಮಹಾಯುದ್ಧದ ತರುವಾಯ ಈ ಸಮಸ್ಯೆಗೆ ಮೂರು ಬಗೆಯ ಉತ್ತರಗಳು ಹುಟ್ಟಿದುವು. ಮೊದಲನೆಯದು, ಬಾಡಿಯನ್ನೂ ಬಳುಕಿಸುವುದು. ವಿಮಾನ ಹಾರಿಸುವುದರಲ್ಲಿ ಪಳಗಿದ ಚಾರ್ಲ್ಸ್ ವೇಮನ್ ಎಂಬವನು ೧೯೨೦ರ ದಶಕದ ಆದಿಯಲ್ಲಿ ಫ್ರಾನ್ಸಿನಲ್ಲಿ ಹೊಸ ಬಗೆಯ ಬಾಡಿಯನ್ನು ಕಟ್ಟಿದನು. ಅದರಲ್ಲಿ ಮರಕ್ಕೆ ಮರ ತಾಗುವುದಿಲ್ಲ. ನಡುವೆ ಕಿರಿದಾದ ಎಡೆಯಿದ್ದು ಉಕ್ಕಿನ ಪಟ್ಟಿಗಳು ಮರಗಳನ್ನು ಕೂಡಿಸುತ್ತವೆ. ಮೇಲೆ ತಗಡಿನ ಬದಲು ಬಟ್ಟೆಯ ಹೊದಿಕೆ. ಚಾಸಿ ತಿರುಚಿದಂತೆ ಗೂಡೂ ತಿರುಚುವುದು. ಕಿರುಗುಟ್ಟುವ ಸದ್ದಿಲ್ಲ, ಭಾರವೂ ಕಡಿಮೆ. ಆದರೆ ಹೊಳೆಯುವ ಮೈಯ ಮೋಟಾರುಗಳ ಮೋಹ ಹೆಚ್ಚಿದಂತೆ, ೧೯೩೦ರ ದಶಕದ ಆದಿಯಲ್ಲಿಯೇ ಈ ವಿಧಾನ ಹಿಂದೆ ಬಿದ್ದಿತು. ಎರಡನೆಯ ಉತ್ತರ, ಚಾಸಿಯನ್ನು ಬಳುಕದಂತೆ ಬಲಪಡಿಸುವುದು; ತೊಲೆಗಳ ನಡುವೆ ಕತ್ತರಿಯಾಕಾರದ ಅಡ್ಡಕಟ್ಟುಗಳು ಬಂದುವು. ಮೂರನೆಯದು, ಗಡಿಯನ್ನೇ ಅಳಿಸುವುದು. ಇಟಲಿಯ ಲಾನ್ಸಿಯಾ ಕಂಪನಿ ೧೯೨೨ರಲ್ಲಿಯೇ ತನ್ನ ‘ಲಾಂಬ್ಡಾ’ ಮಾದರಿಯಲ್ಲಿ ಚಾಸಿ-ಬಾಡಿಗಳನ್ನು ಒಂದಾಗಿಸಿತ್ತು. ರೋಲ್ಸ್-ರಾಯ್ಸಿನವರು ಅದನ್ನು ಒಪ್ಪಿಕೊಂಡುದು ೧೯೬೫ರ ‘ಸಿಲ್ವರ್ ಶ್ಯಾಡೋ’ ಮಾದರಿಯಲ್ಲಿ. ಅಷ್ಟರಲ್ಲಿ ಬಾರ್ಕರ್ ಸಂಸ್ಥೆ ೧೯೩೮ರಲ್ಲಿ ಹೂಪರಿನಲ್ಲಿ ಲೀನವಾಗಿ, ಹೂಪರ್ ಕಾರ್ಖಾನೆಯೂ ೧೯೫೯ರಲ್ಲಿ ಬಾಗಿಲು ಹಾಕಿತ್ತು.

ಪುಣೆಯಲ್ಲಿ ಉಳಿದ ಪ್ರಶ್ನೆ

ಶ್ರೀಮಂತರ ಮೋಟಾರಿನಿಂದ ಹೊರಟುಹೋದ ಈ ಪ್ರಶ್ನೆ ಸಾಮಾನ್ಯ ಜನರ ವಾಹನದಲ್ಲಿ ಉಳಿಯಿತು. ೧೯೪೮ರ ಜೂನ್ ೧ರಂದು ಮುಂಬಯಿ ಸರ್ಕಾರದ ರಾಜ್ಯ ಸಾರಿಗೆಯ ಮೊದಲನೆಯ ಬಸ್ಸು ಪುಣೆ-ಅಹಮದನಗರಗಳ ನಡುವೆ ಓಡಿತು. ವಿಲಾಯತಿ ಬೆಡ್‌ಫರ್ಡ್ ಚಾಸಿ. ಅದರ ಮೇಲೆ ಮರದ ಬಾಡಿ. ಕೂಡಲು ತೆಂಗಿನ ನಾರಿನ ಆಸನ. ಸಿಲ್ವರ್ ಗೋಸ್ಟಿನ ಕಾಲದ ಎರಡು ಕಸುಬುಗಳ ಕೂಡಿಕೆಯೇ ಇಲ್ಲಿಯೂ ಇತ್ತು. ಬಳಿಕ ಪುಣೆಯ ದಾಪೋಡಿಯಲ್ಲಿರುವ ಸಾರಿಗೆ ಸಂಸ್ಥೆಯ ಕೇಂದ್ರ ಕಾರ್ಯಾಗಾರದಲ್ಲಿ ದಶಕಗಳ ಕಾಲ ಬರಿಯ ಚಾಸಿಗಳ ಮೇಲೆ ಬಸ್ಸಿನ ಬಾಡಿಗಳನ್ನು ಕಟ್ಟಲಾಗಿದೆ. ಘಟ್ಟದ ಹಾದಿಯಲ್ಲಿ ಕಿಟಕಿ ಗಡಗಡಿಸುವುದನ್ನು ಕೇಳಿದ ಪ್ರತಿಯೊಬ್ಬ ಪ್ರಯಾಣಿಕನೂ ಚಾಸಿ-ಬಾಡಿಗಳ ಹಳೆಯ ಜಗಳವನ್ನು ತನ್ನ ಕಿವಿಯಿಂದ ಕೇಳಿದವನೇ.

ಇಲ್ಲಿ ಆ ಜಗಳದ ಬೆಲೆ ಬೇರೆ. ಅರಮನೆಯ ಮೋಟಾರಿನಲ್ಲಿ ಸಂದು ಬಿಟ್ಟರೆ ಬಣ್ಣ ಕೆಡುತ್ತಿತ್ತು. ಬಸ್ಸು ಉರುಳಿದಾಗ ಸಂದು ಬಿಟ್ಟರೆ ಛಾವಣಿ ಪ್ರಯಾಣಿಕರ ಮೇಲೆ ಕುಸಿಯುತ್ತದೆ. ಬೆಂಕಿ ಬಿದ್ದಾಗ ಬಾಗಿಲು ಸಿಕ್ಕಿಕೊಂಡರೆ ಒಳಗಿದ್ದವರು ಹೊರಬರಲಾರರು. ಚಾಸಿ ಮಾಡಿದವರು ಚಾಸಿಗೆ ಮಾತ್ರ ಹೊಣೆಗಾರರು, ಬಾಡಿ ಕಟ್ಟಿದವರಿಗೆ ಕೇಳುವವರಿಲ್ಲ ಎಂಬ ಸ್ಥಿತಿ ಬಹುಕಾಲ ನಡೆಯಿತು. ೧೯೬೬ರಲ್ಲಿ ಪುಣೆಯಲ್ಲಿ ಸ್ಥಾಪಿತವಾದ ಭಾರತ ಆಟೋಮೋಟಿವ್ ಸಂಶೋಧನ ಸಂಘದ ಮೂಲಕ, ಈ ಶತಮಾನದ ಮೊದಲ ದಶಕದಲ್ಲಿ ರೂಪುಗೊಂಡ ‘ಎ.ಐ.ಎಸ್. ೦೫೨’ ಎಂಬ ಬಸ್ಸು ಬಾಡಿಯ ಸಂಹಿತೆ ಬಾಡಿಯ ಬಲ, ತುರ್ತು ಬಾಗಿಲು, ಒಳಗಿನ ವಸ್ತುಗಳ ಗುಣ ಇವುಗಳಿಗೆ ನಿಯಮಗಳನ್ನು ವಿಧಿಸಿತು. ಎರಡು ಬಿಲ್ಲುಗಳ ನಡುವೆ ಕಳೆದುಹೋಗಿದ್ದ ಹೊಣೆಯನ್ನು ಲಿಖಿತವಾಗಿ ಒಬ್ಬರ ಹೆಸರಿಗೆ ಬರೆಯುವ ಯತ್ನವಿದು. ಸಂಹಿತೆ ಇದ್ದಮಾತ್ರಕ್ಕೆ ಅದರ ಪಾಲನೆ ಆದಂತಾಗಲಿಲ್ಲವೆಂಬುದೂ ಅಷ್ಟೇ ನಿಜ.

ಪುಣೆಗೆ ವೈಭವದ ಮೋಟಾರು ಮತ್ತೆ ಬಂದುದು ೧೯೯೫ರಲ್ಲಿ, ಮರ್ಸಿಡಿಸ್-ಬೆಂಜ್ ಕಂಪನಿ ಪಿಂಪರಿಯಲ್ಲಿ ಜೋಡಣೆಯನ್ನು ಆರಂಭಿಸಿದಾಗ. ೨೦೦೯ರಲ್ಲಿ ಆ ಕೆಲಸ ಚಾಕಣಕ್ಕೆ ಹೋಯಿತು. ಅಲ್ಲಿ ಹೊರಬರುವ ಮೋಟಾರಿಗೆ ಬೇರೆಯಾದ ಚಾಸಿ ಇಲ್ಲ, ಬೇರೆಯಾದ ಬಾಡಿಯೂ ಇಲ್ಲ. ಬಿಲ್ಲು ಒಂದು, ಹೆಸರು ಒಂದು, ಹೊಣೆಯೂ ಒಂದು. ಬಾಗಿಲಿನ ಸಂದು ಮಾತ್ರ ಇಂದಿಗೂ ಉಳಿದಿದೆ. ಕೊಳ್ಳಲು ಬಂದವರು ಇಂದಿಗೂ ಬಾಗಿಲನ್ನು ಒಮ್ಮೆ ತೆರೆದು ಮುಚ್ಚಿ ಅದರ ಸದ್ದನ್ನು ಕೇಳಿ ನೋಡುತ್ತಾರೆ.

ವಸ್ತುಸಂಗ್ರಹಾಲಯಗಳಲ್ಲಿ ಹಳೆಯ ಮೋಟಾರುಗಳ ಮುಂದೆ ಇಟ್ಟ ಫಲಕಗಳಲ್ಲಿ ಯಂತ್ರದ ಹೆಸರಿರುತ್ತದೆ, ಒಡೆಯನ ಹೆಸರಿರುತ್ತದೆ. ಅಪರೂಪಕ್ಕೆ ಬಾಡಿ ಕಟ್ಟಿದ ಸಂಸ್ಥೆಯ ಹೆಸರೂ ಇರುತ್ತದೆ. ಬಿರುಕು ಬಿಟ್ಟಾಗ ಮಾತ್ರ ನೆನಪಾಗುತ್ತಿದ್ದ ಬಡಿಗ, ಕಂಬಾರ, ಬಣ್ಣಗಾರರ ಹೆಸರುಗಳಿಗೆ ಅಲ್ಲಿ ಎಡೆಯಿಲ್ಲ. ಹಳೆಯ ಮೋಟಾರನ್ನು ಹೊಸದರಂತೆ ಹೊಳೆಯಿಸುವ ಉತ್ಸಾಹದಲ್ಲಿ, ಅವರ ಕೈಯ ಗುರುತುಗಳಿರುವ ಮೂಲದ ಮರವನ್ನೂ ವಾರ್ನಿಷನ್ನೂ ಕಿತ್ತು ಎಸೆಯುವುದೂ ಉಂಟು. ಅಂತಹ ಬಂಡಿಗಳು ಯಾರ ವಶದಲ್ಲಿವೆಯೋ ಅವರು ಬಣ್ಣವನ್ನು ಕೆರೆಯುವ ಮೊದಲು ಬಾಡಿಯ ಅಡಿಯ ಒತ್ತುಪಟ್ಟಿಗಳನ್ನೂ, ಬಿಜಾಗರಿಗಳ ತಿರುಪುಗಳನ್ನೂ, ಸಂದಿನ ಮೂಲೆಕಟ್ಟುಗಳನ್ನೂ ಅಳೆದು ಚಿತ್ರ ತೆಗೆದು ಬರೆದಿಡುವುದು ಅವಶ್ಯ. ಹೆಸರಿಲ್ಲದವರು ಬಿಟ್ಟುಹೋದ ದಸ್ತಾವೇಜೆಂದರೆ ಅದೊಂದೇ.